ಬಂಪರಿಗೆ ಕಟ್ಟಿದ ಆಂಟೆನಾ

ಭಾವ ಹೀಗೆ ಬೆನ್ನಿಗೆ ಚೂರಿ ಹಾಕುತ್ತಾನೆಂದು ಬೇರೆ ಯಾರಾದರೂ ಹೇಳಿದ್ದರೆ ಮೆಕ್ಯಾನಿಕ್ ಅವರ ಮೇಲೇ ಎಗರಿಬೀಳುತ್ತಿದ್ದ. ಆದರೆ ಹೇಳಿದವನು ಹೆದ್ದಾರಿ ಕಚೇರಿಯ ಜವಾನ. ಅದೂ ಹಲ್ಲುಕಡ್ಡಿ ಆಡಿಸುತ್ತ, ಏನೂ ಅಲ್ಲವೆಂಬಂತೆ.

“ಗಾಡಿ ಎಳೆಯೋ ಗುತ್ತಿಗೆಗೆ ನಿಮ್ಮ ಭಾವನೂ ಅರ್ಜಿ ಹಾಕಿದಾರಲ್ಲ ಸಾರ್. ನಿಮಗೆ ಹೇಳಿಲ್ವಾ?”

ಹೇಳಿರಲಿಲ್ಲ. ಹೊಟ್ಟೆ ಉರಿದದ್ದೇ ಅದಕ್ಕೆ. ಒಂದೇ ಶೆಡ್ಡಿನಲ್ಲಿ ಮೈಕೈ ಮಸಿ ಮಾಡಿಕೊಂಡು ದುಡಿದವರು ಬೇರೆಯಾದಾಗ ಅಕ್ಕನ ಎದುರಿಗೇ ಮಾತಾಗಿತ್ತು: ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಕೆಲಸದಲ್ಲಿ ಊರೊಳಗಿನದು ಭಾವನಿಗೆ, ಹೆದ್ದಾರಿಯದು ಮೆಕ್ಯಾನಿಕ್‌ಗೆ. ಈ ಗುತ್ತಿಗೆ ಕೈತಪ್ಪಿದರೆ ಶೆಡ್ಡಿಗೆ ಬೀಗ ಬೀಳುತ್ತದೆ. ಅದು ಭಾವನಿಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದೂ ಹಾಕಿದ, ಮಹರಾಯ! ಅಕ್ಕನಿಗೂ ಗೊತ್ತಿತ್ತೋ ಏನೋ. ಆ ವಾರ ಅವನು ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ.

ಭಂಡತನವೆಂದರೆ ಎಂಥದ್ದು ನೋಡಿ. ಭಾವ ತನ್ನ ಹೊಸ ಕ್ರೇನ್ ಗಾಡಿಯನ್ನು ತಂದು ಇವನ ಶೆಡ್ಡಿನೊಳಗೇ ನಿಲ್ಲಿಸಿದ.

“ರೇಡಿಯೊ ಪರೀಕ್ಷೆ ಇದೆಯಪ್ಪಾ. ಒಂದು ಆಂಟೆನಾ ಹಾಕ್ಕೊಡು. ನೀನಿರುವಾಗ ಬೇರೆಯವರ ಹತ್ರ ಯಾಕೆ ಹೋಗ್ಲಿ?”

ಯಾವ ಪರೀಕ್ಷೆ ಎಂದು ಮೆಕ್ಯಾನಿಕ್ ಕೇಳಲಿಲ್ಲ, ಭಾವ ಹೇಳಲೂ ಇಲ್ಲ. ಕೇಳುವುದೇನಿತ್ತು? ಗುತ್ತಿಗೆ ಕೊಡುವ ಮುನ್ನ ಪರೀಕ್ಷಕರು ಅರ್ಜಿದಾರರ ಗಾಡಿಯಲ್ಲಿ ಕುಳಿತು ಹೆದ್ದಾರಿಯ ಕೊನೆಯವರೆಗೂ ಹೋಗುತ್ತಾರೆ. ಕಚೇರಿಯಿಂದ ಆಗಾಗ ಕರೆ ಬರುತ್ತದೆ. ಒಂದೇ ಒಂದು ಕರೆಗೆ ಉತ್ತರ ಬರದಿದ್ದರೂ ಆ ಗಾಡಿ ಮನೆಗೆ. ಮೆಕ್ಯಾನಿಕ್‌ಗೆ ಅಷ್ಟು ಸಾಕಾಗಿತ್ತು.

ಅವನು ಗಾಡಿಯ ಸುತ್ತ ನಿಧಾನವಾಗಿ ಸುತ್ತು ಹಾಕಿದ. ಆಂಟೆನಾಕ್ಕೆ ಒಳ್ಳೆಯ ಜಾಗ ಚಾವಣಿಯ ನಟ್ಟನಡುವೆ. ಸುತ್ತಲೂ ತಗಡು ಸಮನಾಗಿರುತ್ತದೆ, ನಾಲ್ಕೂ ದಿಕ್ಕಿನ ಮಾತು ಒಂದೇ ಹಾಗೆ ಕೇಳುತ್ತದೆ. ಅದನ್ನು ಅವನೇ ಮೊದಲು ಹೇಳಿದ, ಮುಂದೆ ಯಾರೂ ಬೆರಳು ತೋರಿಸಬಾರದೆಂದು. “ತೂತು ಕೊರೀಬೇಕು ಭಾವ, ಪರವಾಗಿಲ್ವಾ?”

“ಹೊಸ ಗಾಡಿ ತಲೆಗೆ ತೂತಾ? ಬೇಡಪ್ಪಾ, ನಿಮ್ಮಕ್ಕ ನನ್ನ ತಲೆಗೇ ತೂತು ಕೊರೀತಾಳೆ!”

ಸರಿಯಾದ ಜಾಗ ಬೇಡವೆಂದು ಭಾವನ ಬಾಯಿಂದಲೇ ಹೇಳಿಸಿದ್ದಾಯಿತು. ಅಯಸ್ಕಾಂತದ ಬುಡ ಹಾಕಿದರೆ ಗಾಳಿಗೆ ಬಿದ್ದು ದಾರಿಯಲ್ಲೇ ಗುಟ್ಟು ರಟ್ಟಾದೀತು; ಬೇಡ. ಹಿಂದಿನ ಬಂಪರಿಗೆ ಹಿಡಿಕೆ ಹಾಕಿ ಬಿಗಿದ. ಅಲ್ಲಿ ಎದುರಿನ ಅರ್ಧ ಮಾತನ್ನು ಕ್ರೇನಿನ ಕಬ್ಬಿಣವೇ ನುಂಗಿಕೊಳ್ಳುತ್ತದೆ. ಆದರೆ ಅದೃಷ್ಟವನ್ನು ನಂಬಿ ಕೂರುವ ಜಾತಿಯವನಲ್ಲ ಅವನು. ತಂತಿಯ ಕಪ್ಪು ಹೊದಿಕೆಯೊಳಗೆ, ಯಾರೂ ಬಿಚ್ಚಿ ನೋಡದ ಕಡೆ, ಎಳೆಗಳನ್ನು ಕತ್ತರಿಸಿ ಒಂದೆರಡನ್ನಷ್ಟೇ ಉಳಿಸಿದ. ಶೆಡ್ಡಿನಲ್ಲಿ ಮೀಟರ್ ಹಿಡಿದರೆ ಎಲ್ಲ ಸರಿ. ಪರೀಕ್ಷೆಯ ದಾರಿಯಲ್ಲೇ ಬರುವ ಕಲ್ಲುಕ್ವಾರಿಯ ಬಳಿಯ ಹಳ್ಳದಿಣ್ಣೆಯ ರಸ್ತೆಯಲ್ಲಿ ಗಾಡಿ ಕುಲುಕಾಡಿತೋ, ಆ ಎಳೆಗಳೂ ಕಡಿದು ರೇಡಿಯೊ ಮೂಕ. ಕುಲುಕಾಟಕ್ಕೆ ತಂತಿ ಕಡಿಯುವುದು ದಿನಬೆಳಗಾದರೆ ನಡೆಯುವಂಥದ್ದು. ಅದಕ್ಕೆ ಯಾರನ್ನು ಹಿಡಿದು ಕೇಳುತ್ತಾರೆ?

“ನಿನ್ನ ಕೈ ಬಿದ್ದರೆ ಕೆಲಸ ಕೆಲಸವೇ ಕಣೋ,” ಎಂದು ಭಾವ ಬೆನ್ನು ತಟ್ಟಿದ. ತಟ್ಟಿಸಿಕೊಂಡ ಬೆನ್ನು ಚುರುಗುಟ್ಟಿತು. ನಾಟಕಕ್ಕೂ ಒಂದು ಮಿತಿ ಬೇಡವೇ!

ತನ್ನ ಗಾಡಿಗೆ ಅವನು ಚಾವಣಿಯ ನಡುವೆ ತೂತು ಕೊರೆದು, ಬಾಗದ ದಪ್ಪ ಸರಳಿನ ಆಂಟೆನಾ ನೆಟ್ಟ. ಇಷ್ಟು ಸ್ಪಷ್ಟವಾಗಿ ಅವನ ರೇಡಿಯೊ ಎಂದೂ ಮಾತಾಡಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಹೆದ್ದಾರಿ ಕಚೇರಿಯ ಗೇಟಿನಲ್ಲಿ ಭಾವನ ಗಾಡಿ ಮುಂದೆ ಹೋಯಿತು. ಹಿಂದೆಯೇ ಮೆಕ್ಯಾನಿಕ್ ನುಗ್ಗಿದ. ದೊಡ್ಡ ಲಾರಿಗಳು ಒಳಗೆ ಬಾರದಿರಲೆಂದು ಗೇಟಿನ ಮೇಲ್ಗಡೆ ಅಡ್ಡವಾಗಿ ಕಬ್ಬಿಣದ ತೊಲೆ ಕಟ್ಟಿದ್ದರು. ಅದರ ಕೆಳಗೆ ಇದೇ ಗಾಡಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಹೋಗಿಬಂದವನು ಅವನು; ಆಗ ಚಾವಣಿಯ ಮೇಲೆ ಸರಳಿರಲಿಲ್ಲ. ಫಟಾರನೆ ಸದ್ದಾಯಿತು. ಇಳಿದು ನೋಡಿದರೆ ಆಂಟೆನಾ ಬುಡಸಮೇತ ಕಿತ್ತು ನೆಲದ ಮೇಲೆ ಬಿದ್ದಿತ್ತು. ಜವಾನ ನಕ್ಕ. ಪರೀಕ್ಷಕ ಗಡಿಯಾರ ನೋಡಿಕೊಂಡ.

ಭಾವ ಓಡಿ ಬಂದ. ಕಿತ್ತ ಬುಡವನ್ನು ನೋಡಿ ಹಿಂತಿರುಗಿ, ಸ್ಪ್ಯಾನರ್ ಹಿಡಿದು ತನ್ನ ಬಂಪರಿನ ಆಂಟೆನಾ ಬಿಚ್ಚಿದ. ತಂತಿಯ ಸಮೇತ ತಂದು ಇವನ ಬಂಪರಿಗೆ ಬಿಗಿಯತೊಡಗಿದ.

“ಬೇಡ ಭಾವ! ನಿಮ್ಮ ಪರೀಕ್ಷೆ...” ಮೆಕ್ಯಾನಿಕ್ ಸ್ಪ್ಯಾನರಿಗೆ ಕೈ ಹಾಕಿದ.

“ಸುಮ್ನಿರೋ,” ಭಾವ ಬಗ್ಗಿದಲ್ಲೇ ಪಿಸುಗುಟ್ಟಿದ. “ನಾನು ಗೆಲ್ಲೋಕೆ ಬಂದಿದೀನಾ? ಒಂದೇ ಅರ್ಜಿ ಬಂದ್ರೆ ಗುತ್ತಿಗೆ ರದ್ದು ಮಾಡ್ತಾರಂತೆ, ಎರಡಾದ್ರೂ ಇರ್ಬೇಕಂತೆ. ಬೇರೆ ಯಾರೂ ಹಾಕಿರ್ಲಿಲ್ಲ. ನಿನ್ನದು ನಿಲ್ಲಲಿ ಅಂತ ನಿಮ್ಮಕ್ಕನೇ ನನ್ನ ಕೈಲಿ ಹಾಕಿಸಿದ್ಲು. ನಿಂಗೆ ಮೊದಲೇ ಹೇಳ್ಬಹುದಿತ್ತು, ಆದ್ರೆ ನಿನ್ನ ಹೊಟ್ಟೇಲಿ ಗುಟ್ಟು ನಿಲ್ಲಲ್ವಲ್ಲೋ!” ತಂತಿಯನ್ನು ಕಿಟಕಿಯಿಂದ ಒಳಗೆಳೆದು ರೇಡಿಯೊಗೆ ಸಿಕ್ಕಿಸಿ, ಪರೀಕ್ಷಕನಿಗೆ ಬಾಗಿಲು ತೆರೆದುಕೊಟ್ಟ. ಪರೀಕ್ಷಕ ಹತ್ತಿ ಕುಳಿತು, ಮೊದಲು ಕಲ್ಲುಕ್ವಾರಿ ಕಡೆಯ ರಸ್ತೆ ಹಿಡಿಯಿರಿ ಎಂದ. ಮೆಕ್ಯಾನಿಕ್ ಸ್ಟೀರಿಂಗಿನ ಮುಂದೆ ಕೂತು, ಕೀಲಿ ತಿರುಗಿಸದೆ ಆ ಕಪ್ಪು ತಂತಿಯನ್ನೇ ನೋಡುತ್ತಿದ್ದುದನ್ನು ಭಾವ ಕಂಡ, ಹೆದರಿದ್ದಾನೆಂದುಕೊಂಡ, ಬಾಗಿಲಿನ ಮೇಲೆ ಎರಡು ಸಲ ತಟ್ಟಿದ. “ಧೈರ್ಯವಾಗಿ ಹೋಗ್ಬಾ. ನೀನೇ ಕೂಡಿಸಿದ ತಂತಿ ಅಲ್ವಾ? ಕೈಕೊಡಲ್ಲ.”