ಗುಲಾಬಿಗೆ ಎಚ್ಚರವಾಗುವವರೆಗೆ

ಮೊದಲ ದಿನವೇ ಅವನು ನನ್ನ ಸಿರಿಂಜಿಗೆ ಅಡ್ಡ ನಿಂತಿದ್ದ.

"ಕುದ್ರೆ ಹಲ್ಲು ಉಜ್ಜಕ್ಕೆ ಮತ್ತಿನ ಸೂಜಿ ಯಾಕೆ ಡಾಕ್ಟ್ರಮ್ಮ? ನಮ್ ತಾತನ ಕಾಲದಿಂದ ಮೂತಿಗೆ ಅಗ್ಗ ಬಿಗ್ದು ಹಿಡ್ಕಂಡೇ ಮಾಡಿರೋದು."

"ನಿಮ್ಮ ಮೂತಿಗೆ ಹಗ್ಗ ಬಿಗದು ನಾ ಹಲ್ಲು ತಿಕ್ಕಲೇನು?" ಎಂದೆ.

ಅವನು ಗಂಭೀರವಾಗಿ ಯೋಚಿಸಿ, ಪಕ್ಕಕ್ಕೆ ಸರಿದ. ಆಗ ನಗು ತಡೆದುಕೊಂಡದ್ದು ನಾನು. ಅವನ ಹೆಸರು ಮುನಿಕೃಷ್ಣಪ್ಪ, ಊರು ಅಲ್ಲಾಳಸಂದ್ರ, ಯಲಹಂಕದಾಚೆಯ ಒಂದು ಫಾರ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ನಾನು ಹೆಬ್ಬಾಳದ ಪಶು ಆಸ್ಪತ್ರೆಯಿಂದ ಬರುವ ಹೊಸ ಡಾಕ್ಟರು ಪಾರ್ವತಿ, ಮನೆಯಲ್ಲಿ ಪಾರವ್ವ. ಅದು ಎಂಬತ್ತೆರಡನೇ ಇಸವಿ.

ಕುದುರೆಯ ದವಡೆ ಹಲ್ಲು ಬೆಳೆಯುತ್ತಲೇ ಇರುತ್ತದೆ. ಅಂಚು ಚೂಪಾಗಿ ಕೆನ್ನೆಯನ್ನು ಒಳಗಿನಿಂದ ಕೊಯ್ಯುತ್ತದೆ. ಗುಲಾಬಿ ಎಂಬ ಆ ಕೆಂಚು ಕುದುರೆಯದು ಬೇಗ ಚೂಪಾಗುವ ಹಲ್ಲು, ಆರು ತಿಂಗಳಿಗೊಮ್ಮೆ ಅರ ಹಾಕಿ ಉಜ್ಜಬೇಕಿತ್ತು. ಇಂಜೆಕ್ಷನ್ ಕೊಟ್ಟು ಸದ್ದಿಲ್ಲದೆ ನಿಂತರೆ ಅದರ ತಲೆ ನಿಧಾನಕ್ಕೆ ಜೋಲುತ್ತಿತ್ತು, ಕೆಳತುಟಿ ಸಡಿಲವಾಗುತ್ತಿತ್ತು. ಆ ಭಾರವನ್ನು ಅವನು ಹೆಗಲಿಗೆ ಆನಿಸಿಕೊಳ್ಳುತ್ತಿದ್ದ. ನಾನು ಅರ ಆಡಿಸುವಾಗ ಅವನ ಮುಖ ನನ್ನಿಂದ ಒಂದು ಗೇಣು ದೂರ. ನಾನು ಹಲ್ಲನ್ನೇ ನೋಡಬೇಕಿತ್ತು. ನೋಡುತ್ತಿದ್ದೆ ಎಂದು ಆಣೆ ಮಾಡಲಾರೆ.

ಎರಡನೇ ಸಲಕ್ಕೇ ನಾನೊಂದು ನಿಯಮ ಹೇಳಿದೆ.

"ಪೂರಾ ಎಚ್ಚರ ಆಗೂತನಕ ಮೇವು ಹಾಕಬಾರದು, ಗಂಟಲಾಗ ಸಿಗತದ. ಅಲ್ಲೀತನಕ ಡಾಕ್ಟರು ಇಲ್ಲೇ ಕುಂದ್ರಬೇಕು. ರೂಲ್ಸ್ ಅದ."

ಮೊದಲ ಮಾತು ನಿಜ. ಎರಡನೆಯದು ನಾನೇ ಹುಟ್ಟಿಸಿದ್ದು.

ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ, ಅವನು ಹುಲ್ಲಿನ ಹೊರೆಯ ಮೇಲೆ. ಟವೆಲ್ಲಿನಲ್ಲಿ ಕಟ್ಟಿ ತಂದ ಕಪ್ಪು ದ್ರಾಕ್ಷಿಯನ್ನು ನಡುವೆ ಬಿಚ್ಚಿಡುತ್ತಿದ್ದ. ಚೆನ್ನಾಗಿರುವ ಗೊಂಚಲು ಹೇಗೋ ಯಾವಾಗಲೂ ನನ್ನ ಕಡೆಗೇ ಇರುತ್ತಿತ್ತು. ಮಾತು ಮುಗಿಯುವ ಹೊತ್ತಿಗೆ ನಾನು ಕುದುರೆಯತ್ತ ನೋಡಿದರೆ, ಅವನು ಬಗ್ಗಿ ಅದರ ಕಣ್ಣು ಪರೀಕ್ಷಿಸಿ, "ಇನ್ನೂ ಮಂಪರು" ಎನ್ನುತ್ತಿದ್ದ.

ಆರು ತಿಂಗಳಿಗೆ ಒಂದೂವರೆ ಗಂಟೆ. ಉಳಿದ ದಿನಗಳನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ನಮ್ಮ ಮನೆಯಿದ್ದ ಯಶವಂತಪುರದಲ್ಲಿ ಜಟಕಾ ಕುದುರೆ ಕಂಡರೂ ನಿಂತುಬಿಡುತ್ತಿದ್ದೆ. "ಇವಳಿಗೆ ಕುದುರಿ ಹುಚ್ಚು ಹಿಡದದ" ಎಂದು ಅಪ್ಪ ನಗುತ್ತಿದ್ದ. ಹುಚ್ಚು ಹಿಡಿದದ್ದು ನಿಜವೇ, ಕುದುರೆಯದಲ್ಲ ಅಷ್ಟೆ.

ಎಂಬತ್ನಾಲ್ಕರಲ್ಲಿ ನನಗೆ ಜ್ವರ ಬಂದು ಒಂದು ಸರದಿ ತಪ್ಪಿತು. ಹಾಗಾಗಿ ಒಂದು ವರ್ಷದ ಮೇಲೆ ಹೋದಾಗ ನನ್ನ ಬ್ಯಾಗಿನಲ್ಲಿ ವರ್ಗಾವಣೆಯ ಆರ್ಡರ್ ಇತ್ತು. ಬೀದರಿಗೆ, ಸೋಮವಾರವೇ ಸೇರಬೇಕು. ಹೇಳುವುದೇ ಬೇಡ, ಸುಮ್ಮನೆ ನೋಡಿ ಬರೋಣ ಎಂದುಕೊಂಡಿದ್ದೆ.

ಹಲ್ಲು ಉಜ್ಜಿ, ಕೈ ತೊಳೆದು, ಬಕೆಟ್ ಬೋರಲು ಹಾಕಿ ಕುಳಿತೆ. ಅವನು ಕೂರಲಿಲ್ಲ.

"ಓದ್ ಸಲ ನಿಮ್ ಬದ್ಲು ಶೇಖರಪ್ಪ ಡಾಕ್ಟ್ರು ಬಂದಿದ್ರು," ಎಂದ. "ಉಜ್ಜಿದ್ರು, ಸ್ಕೂಟರ್ ಅತ್ತುದ್ರು. ಕೂತ್ಕಳಿ ಸಾರ್, ರೂಲ್ಸ್ ಅಂದೆ. ಅಂಗೇನೂ ರೂಲ್ಸ್ ಇಲ್ವಂತೆ. ನಾನೊಬ್ನೇ ನೋಡ್ಕಂಡ್ರೆ ಸಾಕಂತೆ."

ಭೂಮಿ ಬಾಯಿ ಬಿಟ್ಟಿದ್ದರೆ ಬಕೆಟ್ ಸಮೇತ ಇಳಿದುಬಿಡುತ್ತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದೆ.

"ನಾನೂ ಒಂದ್ ಸುಳ್ಳು ಯೋಳಿದ್ದೀನಿ," ಅವನು ಗುಲಾಬಿಯ ಜೂಲು ಸವರುತ್ತಾ ಹೇಳಿದ. "ಇದುಕ್ಕೆ ಮುಕ್ಕಾಲು ಗಂಟೇಲೇ ಎಚ್ಚರ ಆಗ್ತಿತ್ತು. ನಾನೇ ಮಂಪರು ಅಂತಿದ್ದೆ."

"ಗೊತ್ತಿತ್ತು. ನಾ ಡಾಕ್ಟರ್ ಅಲ್ಲೇನ್ರಿ?"

ಅವನು ಮೊದಲ ಸಲ ನೇರವಾಗಿ ನನ್ನನ್ನೇ ನೋಡಿದ. ಆ ನೋಟ ಎರಡು ವರ್ಷಗಳಿಂದ ನಾನು ಬಯಸಿದ್ದು. ಅದು ಸಿಕ್ಕ ಗಳಿಗೆಯಲ್ಲೇ ನಾನು ಆರ್ಡರಿನ ವಿಷಯ ಹೇಳಬೇಕಾಯಿತು. ಹೇಳಿದೆ. ಜೂಲಿನ ಮೇಲೆ ಅವನ ಕೈ ನಿಂತಿತು.

"ಮುಂದಿನ ಸಲ?"

"ಬ್ಯಾರೆ ಯಾರರ ಬರ್ತಾರ."

"ಹಲ್ಲು ಯಾರ್ ಬೇಕಾದ್ರೂ ಉಜ್ತಾರೆ ಡಾಕ್ಟ್ರಮ್ಮ," ಎಂದ. "ಕೂತ್ಕಳೋರು ಯಾರೂ ಬರಲ್ಲ."

ಇಷ್ಟು ದಿನ ಮನಸ್ಸಿನಲ್ಲೇ ಆಡಿಕೊಂಡ ಚಂದದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ಭಾನುವಾರ ನಮ್ಮಪ್ಪ ಮನ್ಯಾಗ ಇರ್ತಾನ. ಯಶವಂತಪುರ ಸ್ಟೇಷನ್ ಹಿಂದ, ಫ್ಯಾಕ್ಟರಿ ಫಕೀರಪ್ಪ ಅಂದ್ರ ಯಾರರ ತೋರಸ್ತಾರ. ಬೈತಾನ. ಬೈಸ್ಕೊಂಡು ಕುಂದ್ರೂ ತಾಕತ್ತಿದ್ರ ಬಂದು ನನ್ನ ಕೊಡ್ರಿ ಅಂತ ಕೇಳ್ರಿ."

"ಕೊಡಲ್ಲ ಅಂದ್ರೆ?"

"ಆರು ತಿಂಗಳು ಬಿಟ್ಟು ಮತ್ತ ಕೇಳ್ರಿ. ಬೀದರದಿಂದ ನಾನೂ ಬರ್ತೀನಿ."

"ಕಾಯ್ಕಂಡು ಕುಂತ್ಕಳದು ನನಗೇನ್ ಒಸ್ದಾ?" ಎಂದ.

ಅಷ್ಟರಲ್ಲಿ ಗುಲಾಬಿ ತಲೆ ಎತ್ತಿತು. ಕಿವಿ ನಿಮಿರಿಸಿ, ಕೊಡವಿಕೊಂಡು, ಹುರುಳಿ ಎಲ್ಲಿ ಎಂಬಂತೆ ನಾನು ಕುಳಿತಿದ್ದ ಬಕೆಟ್ಟನ್ನೇ ಮೂತಿಯಿಂದ ನೂಕಿತು.

"ಎಚ್ಚರ ಆತೇನ್ರಿ?" ಕೇಳಿದೆ.

ಅವನು ಬಗ್ಗಿ ಅದರ ಕಣ್ಣು ನೋಡಿದ.

"ಇನ್ನೂ ಮಂಪರು," ಎಂದು ಹೇಳಿ ನನ್ನ ಪಕ್ಕದಲ್ಲಿ ಬಂದು ಕುಳಿತ.