ಟ್ರೈಲರಿನ ಕಾಲು ಎತ್ತುವ ಮುನ್ನ

ಮಿಮಿಕ್ರಿ ಮಾಡಿ ಎಲ್ಲರ ದನಿ ಕದಿಯುವವನು ನಾನು; ಆದರೂ ಇದು ಅಪ್ಪಟ ನಿಜ. ಗಂಡ ಆರ್ಥರ್ ಅಂಕಲ್ ತೀರಿಕೊಂಡ ಮೇಲೆ ಕ್ಲೋಟಿಲ್ಡಾ ಆಂಟಿ ಮೊದಲ ಸಲ ತಾವೇ ಮನೆಯಂಥ ದೊಡ್ಡ ಫಿಫ್ತ್ ವೀಲ್ ಟ್ರೈಲರನ್ನು ಟ್ರಕ್ಕಿಗೆ ಸಿಕ್ಕಿಸಿ, ಜೂಂಡಲಪ್‌ನಿಂದ ಅಡಿಲೇಡ್‌ಗೆ ಹೊರಟಿದ್ದರು. ಹಿಂದೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುತ್ತಿದ್ದ ನನಗೆ, ಅಂಕಲ್ ದನಿಯಲ್ಲಿ ಮಾತಾಡಿ ಬೆಚ್ಚಿಬೀಳಿಸುವ ತುಂಟತನ ಹೊಳೆಯಿತು. ಸುಡುಬಿಸಿಲಲ್ಲೂ ವಾಕಿಟಾಕಿ ಮಂಜಿನಂತೆ ಕೊರೆಯುತ್ತಿತ್ತು.

ಟ್ರೈಲರನ್ನು ನೆಲಕ್ಕೆ ಆನಿಸಿ ನಿಲ್ಲಿಸಿದ್ದ ಊರುಗಾಲು ಎತ್ತಲು ಆಂಟಿ ಸ್ವಿಚ್ಚಿಗೆ ಕೈ ಹಾಕಿದರು. ವಾಕಿಟಾಕಿಯಲ್ಲಿ ಕೆಮ್ಮು ಕೇಳಿಸಿತು.

“ಕ್ಲೋ, ಮೊದಲು ಸ್ವಲ್ಪ ಎಳೆದು ನೋಡು ಮಾರಾಯ್ತಿ.”

ಆಂಟಿ ಟ್ರಕ್ಕು ಹತ್ತಿ ಎಳೆದರು. ಟ್ರಕ್ಕು ಮಾತ್ರ ಮುಂದೆ ಬಂತು. ಟ್ರಕ್ಕಿನ ಕೊಂಡಿ ಟ್ರೈಲರಿನ ಪಿನ್ನನ್ನು ಹಿಡಿದೇ ಇರಲಿಲ್ಲ. ಹಾಗೇ ಹೋಗಿದ್ದರೆ ಟ್ರೈಲರ್ ರಸ್ತೆಯಲ್ಲಿ ಕಳಚಿ ಬೀಳುತ್ತಿತ್ತು.

“ಎಂತ ಮಿಮಿಕ್ರಿ ಮಾರಾಯ, ಅವರದ್ದೇ ಸ್ವರ!” ಎಂದರು ಆಂಟಿ.

ನಾನಿನ್ನೂ ಬಾಯಿ ತೆರೆದೇ ಇರಲಿಲ್ಲ. ಆದರೂ ನಕ್ಕೆ. ಆಂಟಿ ಕಣ್ಣೊರೆಸಿಕೊಂಡು ನನಗಿಂತ ಜೋರಾಗಿ ನಕ್ಕರು.