ಕೊನೇ ಸಾಲಿನ ಕಿಟಕಿ ಸೀಟು

"ಇದು ತೂಕ ಜಾಸ್ತಿ. ವಾಪಸ್ ತಗೊಳ್ಳಿ."

ನೀಲಮ್ಮನ ಕೈ ಮಿಷನ್ನಿನ ಚಕ್ರದ ಮೇಲೇ ನಿಂತುಬಿಟ್ಟಿತು. ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಹೊಲಿದ ಸೀಟ್ ಕವರನ್ನು ಯಾರೋ ಗುರುತಿಲ್ಲದವನು ತಕ್ಕಡಿಯಿಂದ ಎತ್ತಿ ಪಕ್ಕಕ್ಕೆ ಇಟ್ಟಿದ್ದ!

"ಎಷ್ಟು ಜಾಸ್ತಿ?"

"ಹದಿನೈದು ಗ್ರಾಂ."

"ಅಯ್ಯೋ! ಹದಿನೈದು ಗ್ರಾಮಿಗೆ ವಿಮಾನ ಬಿದ್ದುಹೋಗುತ್ತಾ ಸಾರ್?"

ಶೆಡ್ಡಿನ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ.

"ಬೀಳಲ್ಲ. ಎಣ್ಣೆ ಜಾಸ್ತಿ ಕುಡಿಯುತ್ತೆ. ನೂರಿಪ್ಪತ್ತು ಸೀಟು, ದಿನಾ ನಾಲ್ಕೈದು ಸಲ ಹಾರೋದು. ನೀವೇ ಯೋಚನೆ ಮಾಡಿ."

ಅದು ಎಪ್ಪತ್ತನಾಲ್ಕನೇ ಇಸವಿ. ಪೆಟ್ರೋಲಿನ ಬೆಲೆ ಏರಿ ಊರೆಲ್ಲ ಅದೇ ಮಾತು. ಹಳೇ ವಿಮಾನಗಳು ವಿಪರೀತ ಎಣ್ಣೆ ಕುಡಿಯುತ್ತವೆ ಅಂತ ಕಂಪನಿಯವರು ಹೊಸ ಜೆಟ್ ತರಿಸಿದ್ದರು. ಸಪೂರ ಮೈ, ಎರಡೇ ಇಂಜಿನ್ನು. ಅದರೊಳಗೆ ಹೋಗುವ ಒಂದೊಂದು ಸಾಮಾನೂ ಹಗುರ ಇರಬೇಕು. ಸೀಟಿನ ಕವರು ಹೊಲಿಯುವ ಕೆಲಸ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಜಂಬಣ್ಣನ ಶೆಡ್ಡಿಗೆ ಸಿಕ್ಕಿತ್ತು. ತೂಕ ನೋಡಲು ಬಂದವನು ವಿಮಾನದ ಮೆಕ್ಯಾನಿಕ್, ರೇವಣಸಿದ್ದಪ್ಪ. ತುಮಕೂರು ಕಡೆಯವನು.

'ಎಂಥ ಮನುಷ್ಯ! ಒಂದು ನಗೂ ಬರಲ್ವಲ್ಲ ಇವನಿಗೆ...' ಅಂದುಕೊಳ್ಳುತ್ತಲೇ ನೀಲಮ್ಮ ಸಣ್ಣ ನೂಲು ಹಾಕಿ ಮತ್ತೆ ಹೊಲಿದಳು.

ಅವನು ಪ್ರತಿ ಗುರುವಾರ ಬರುತ್ತಿದ್ದ. ಎರಡನೇ ಗುರುವಾರ, "ನಾಲ್ಕನೇ ನಂಬರಿನ ಹೊಲಿಗೆ ಚೆನ್ನಾಗಿದೆ," ಅಂದ. ನಾಲ್ಕನೇ ನಂಬರು ನೀಲಮ್ಮನದು. ಮೂರನೇ ಗುರುವಾರ ಟೀ ಕುಡಿಯುವಾಗ ಅವಳ ಪಕ್ಕದ ಬೆಂಚಿಗೇ ಬಂದು ಕೂತ.

"ಹೊಸ ವಿಮಾನ ಮೊದಲನೇ ಸಲ ಹಾರುವಾಗ ನಾನೂ ಅದರಲ್ಲಿ ಇರ್ತೀನಿ. ಕೊನೇ ಸಾಲು, ಕಿಟಕಿ ಪಕ್ಕ."

"ಹೆದರಿಕೆ ಆಗಲ್ವಾ?"

"ನೀವು ಹೊಲಿದಿರೋ ಸೀಟು ತಾನೇ..." ಅಂದವನು ಮೊದಲ ಸಲ ನಕ್ಕ.

ಆಮೇಲೆ ನೀಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರವೇ ಎರಡು ಸಲ ತಲೆ ಬಾಚುವಳು. ಗುರುವಾರ ರಸ್ತೆಯಲ್ಲಿ ಜೀಪಿನ ಸದ್ದಾದರೆ ಸೂಜಿ ಬೆರಳಿಗೇ ಚುಚ್ಚುವುದು. ಇನ್ನೊಂದು ಹೆದರಿಕೆಯೂ ಇತ್ತು. ಅವ್ವ ಶಿವಗಂಗಮ್ಮ ಮೊದಲೇ ಹೇಳಿದ್ದಳು: "ಕೆಲಸ ಇರೋತನಕ ಮದುವೆ ಮಾತು ಎತ್ತಂಗಿಲ್ಲ. ಕೆಲಸ ಬಿಟ್ಟ ದಿನ ಗದಗಿಗೆ ಕಾಗದ ಬರೀತೀನಿ." ಗದಗಿನಲ್ಲಿ ಸೋದರಮಾವ ಗುರುಬಸಪ್ಪ ಎರಡು ವರ್ಷದಿಂದ ಕಾಯುತ್ತಿದ್ದ.

ಐದನೇ ವಾರ ಕೊನೇ ಸಾಲಿನ ಕವರುಗಳ ಸರದಿ ಬಂತು. ಅವುಗಳ ಅಳತೆ ಬೇರೆ. ಕಿಟಕಿ ಪಕ್ಕದ್ದು ನೀಲಮ್ಮನ ಪಾಲಿಗೇ ಬಂತು.

ಅವಳ ಮನೆಯಲ್ಲಿ ಒಂದು ಪದ್ಧತಿ. ಕೌದಿ ಹೊಲಿಯುವಾಗ, ಅದು ತಮ್ಮವರಿಗೆ ಅಂತಾದರೆ, ಹಳೇ ಸೀರೆಯ ತುಂಡೊಂದನ್ನು ಮಡಚಿ ಒಳಮೂಲೆಗೆ ಹೊಲಿಯುವುದು. ತಮ್ಮವರು ಹೊದೆಯುವ ಕೌದಿಯ ಮೂಲೆ ಬರಿದಿರಬಾರದು.

'ಬೇಡ... ಬೇಡ ಕಣೇ ನೀಲಾ,' ಅಂತ ಮನಸ್ಸು ಹೇಳುತ್ತಲೇ ಇತ್ತು. ಕೈ ಕೇಳಲಿಲ್ಲ.

ಆ ಗುರುವಾರ ರೇವಣಸಿದ್ದಪ್ಪ ಕವರನ್ನು ತಕ್ಕಡಿಗೆ ಹಾಕಿದ. ಮುಳ್ಳು ನೋಡಿದ. ತೆಗೆದು ಮತ್ತೆ ಹಾಕಿದ. ಅವನು ಒಳಮೂಲೆ ಮುಟ್ಟಿ ನೋಡಿದ. ನೀಲಮ್ಮನ ಮುಖ ನೋಡಿದ.

"ನಾಲ್ಕನೇ ನಂಬರು. ಒಳಗೆ ಬೇರೆ ಬಟ್ಟೆ ಸೇರಿದೆ. ರಿಜೆಕ್ಟ್."

ಚೀಟಿಯಲ್ಲಿ ಬರೆದು ಹೊರಟೇಬಿಟ್ಟ!

ಜಂಬಣ್ಣ ಕೂಗಾಡಿದ. "ಒಂದು ಕವರಿಂದ ಇಡೀ ಆರ್ಡರ್ ಕೈ ಬಿಟ್ಟುಹೋದ್ರೆ ಯಾರಮ್ಮ ಹೊಣೆ? ನಾಳೆಯಿಂದ ನೀನು ಬರಬೇಡ!"

ಕುರುಬರಹಳ್ಳಿಯ ಮನೆಗೆ ಅವಳು ಹೇಗೆ ನಡೆದು ಬಂದಳೋ. 'ನನ್ನ ನಂಬರು ಅಂತ ಗೊತ್ತಿದ್ದೂ ಬರೆದನಲ್ಲ... ಮುಖ ನೋಡಿಕೊಂಡೇ ಬರೆದನಲ್ಲ!' ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಬಾಗಿಲಿಗೆ ಹೋದಳು, ಒಳಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು.

ಮಾರನೇ ದಿನ ಅವ್ವ ಕಾಗದ ಬರೆದು ಅವಳ ಕೈಗೇ ಕೊಟ್ಟಳು. "ಟಪಾಲು ಡಬ್ಬಿಗೆ ಹಾಕಿ ಬಾ."

ನೀಲಮ್ಮ ಚಪ್ಪಲಿ ಮೆಟ್ಟಿ ಹೊಸಿಲು ದಾಟಿದಳು. ಎದುರಿಗೆ ರೇವಣಸಿದ್ದಪ್ಪ ನಿಂತಿದ್ದ! ಏದುಸಿರು, ಅಂಗಿಯೆಲ್ಲ ಬೆವರು.

"ಇನ್ನೂ ಏನು ತೂಗೋದಿದೆ ಸಾರ್?"

"ನೀಲಮ್ಮಾ... ಬೆಳಿಗ್ಗೆ ಶೆಡ್ಡಿಗೆ ಹೋಗಿದ್ದೆ. ನಿಮ್ಮ ಮಿಷನ್ ಖಾಲಿ ಇತ್ತು. ಅಕ್ಕಯ್ಯಮ್ಮ ನನಗೆ ಚೆನ್ನಾಗಿ ಬೈದು, ನಿಮ್ಮ ಮನೆ ಗುರುತು ಹೇಳಿದರು."

ಅಕ್ಕಯ್ಯಮ್ಮ ಪಕ್ಕದ ಮಿಷನ್ನಿನ ಮುದುಕಿ.

"ಏನಂದ್ರು?"

"'ಲೋ ಪೆದ್ದ, ಆ ಬಟ್ಟೆ ತಮ್ಮೋರಿಗೆ ಬಿಟ್ರೆ ಬೇರೆ ಯಾರಿಗೂ ಹಾಕಲ್ಲ ಕಣೋ' ಅಂದ್ರು."

ನೀಲಮ್ಮ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಕಾಗದ ಮುದ್ದೆಯಾಗುತ್ತಿತ್ತು.

"ತೂಕ ಇದ್ದ ಹಾಗೆ ಬರೆದೆ, ಅದು ತಪ್ಪಲ್ಲ. ನಾಳೆ ಕೇಳಿದ್ರೂ ಹಾಗೇ ಬರೀತೀನಿ," ಅಂದ ಅವನು. "ಆದರೆ ನಿಮ್ಮನ್ನ ಒಂದು ಮಾತು ಕೇಳದೆ ಹೊರಟುಹೋದೆ... ಅದು ತಪ್ಪು. ಕೆಲಸ ಹೋಗುತ್ತೆ ಅಂತ ನನಗೆ ನಿಜವಾಗಿ ಗೊತ್ತಿರಲಿಲ್ಲ."

"ನಾನೂ ಬಾಯಿಬಿಟ್ಟು ಹೇಳಬೇಕಿತ್ತು," ಅಂದಳು ಮೆಲ್ಲಗೆ. "ಬಟ್ಟೆ ಒಳಗೆ ಬಚ್ಚಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ಈಗ ಹೇಳಿ."

"ಏನನ್ನ?"

"ನಾನು ನಿಮ್ಮೋನಾ?"

ಕಣ್ಣಲ್ಲಿ ನೀರು ತುಂಬಿಬಂತು. ಹೂಂ ಅನ್ನುವಂತೆ ತಲೆಯಾಡಿಸಿದಳು.

"ಸೋಮವಾರ ಹೊಸ ವಿಮಾನ ಹಾರುತ್ತೆ. ಹಾಗೇ ದಿಲ್ಲಿಗೆ ಟ್ರೇನಿಂಗು, ಆರು ತಿಂಗಳು... ಕಾಯ್ತೀರಾ ನೀಲಾ?"

"ನನಗೆ ಸುಮ್ಮನೆ ಕಾಯೋಕೆ ಬರಲ್ಲ!" ಅವಳು ಕಾಗದವನ್ನು ಅವನ ಮುಂದೆ ಹಿಡಿದಳು. "ಇದು ಡಬ್ಬಿಗೆ ಬಿದ್ರೆ ನಾನು ಗದಗಿನವಳು. ಅವ್ವನ್ನ ಈಗಲೇ ಕೇಳಿ."

ಅವನ ಮುಖ ಬಿಳಿಚಿತು. "ಈಗಲೇನಾ?"

ಒಳಗಿನಿಂದ ಶಿವಗಂಗಮ್ಮನ ದನಿ ಬಂತು. "ಕೇಳೋರು ಒಳಗ ಬಂದು ಕೇಳಲಿ. ಬೀದಿಗೆಲ್ಲ ಕೇಳಿಸಬೇಕೇನು? ನೀಲಾ, ಆ ಕಾಗದ ಇಲ್ಲಿ ಕೊಡು. ಟಪಾಲಿಗೆ ಅಂಥಾ ಅವಸರ ಇಲ್ಲ."

ರೇವಣಸಿದ್ದಪ್ಪ ಅಲ್ಲೇ ನಿಂತಿದ್ದ. "ಅವ್ವ ಬೇಡ ಅಂದ್ರೆ?"

"ನಾಳೆ ಬಂದು ಮತ್ತೆ ಕೇಳಿ. ನಾಡಿದ್ದೂ ಬನ್ನಿ."

"ಸೋಮವಾರ ನಾನು..."

"ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ ಕಣ್ರೀ," ಅಂದಳು ನೀಲಮ್ಮ, ಅಳುತ್ತಲೇ ನಗುತ್ತಾ. "ಮೊದಲು ಚಪ್ಪಲಿ ಬಿಡಿ."